ಎಣ್ಣೆ ಕಡ್ಡಿ ಮತ್ತು ಅಕ್ಕನ ಸೋಮವಾರ

ಕಾರು ಅಂದರೆ ನಾಲ್ಕು ಚಕ್ರ, ಒಂದು ಸ್ಟೇರಿಂಗು, ಅಷ್ಟೇ ಅಂದುಕೊಂಡಿದ್ದೆ. ಅದರ ಎಂಜಿನ್ನಿನೊಳಗೆ ಒಂದು ಉದ್ದನೆಯ ಕಡ್ಡಿ ಇರುತ್ತದೆ, ಆ ಕಡ್ಡಿ ಗಂಡ ಹೆಂಡಿರ ಮಾತನ್ನು ಹದಿನೈದು ದಿನ ಕೆಡಿಸಬಲ್ಲದು ಅನ್ನುವುದು ಗೊತ್ತಾದದ್ದು ನನ್ನ ಐವತ್ತೆಂಟನೆಯ ವಯಸ್ಸಿನಲ್ಲಿ.

ನಮ್ಮ ಯಜಮಾನರು ಸಕಲೇಶಪುರದ ಕಡೆಯ ಒಂದು ಎಸ್ಟೇಟಿನಲ್ಲಿ ಮೂವತ್ತಾರು ವರ್ಷ ರೈಟರ್ ಆಗಿದ್ದವರು. ಆಳುಗಳ ಹಾಜರಿ ಬರೆಯುವುದು, ಸ್ಟೋರಿನ ಬೀಗದ ಕೈ ಇಟ್ಟುಕೊಳ್ಳುವುದು ಅವರ ಕೆಲಸ. ಕೆಲಸ ಬಿಟ್ಟ ವರ್ಷ ಎಸ್ಟೇಟಿನವರು ತಮ್ಮ ಹಳೆಯ ಸಣ್ಣ ಕಾರನ್ನು ಇವರಿಗೆ ಕೊಟ್ಟರು. ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಿಳಿ ಬಣ್ಣದ ಕಾರು. ಒಂದು ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. ಚೆಂಡುಹೂವಿನ ಹಾರ ಹಾಕಿ ಪೂಜೆ ಮಾಡಿದೆವು. ಎಂಜಿನ್ನಿನ ಎಣ್ಣೆಯನ್ನು ಆಗಾಗ ನೋಡಬೇಕು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಎಂಟು ತಿಂಗಳು ಓಡಿ, ಮಾರನಹಳ್ಳಿ ಹತ್ತಿರದ ಏರಿನಲ್ಲಿ ಎಂಜಿನ್ ಕಚ್ಚಿಕೊಂಡು ನಿಂತಿತು. ಒಳಗೆ ಒಂದು ಚಮಚ ಎಣ್ಣೆಯೂ ಇರಲಿಲ್ಲವಂತೆ. ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಊರಿಗೆ ಬಂದೆವು. ದಾರಿಯುದ್ದಕ್ಕೂ ಇವರು ಸ್ಟೇರಿಂಗ್ ಹಿಡಿದು, ಸಾವಿನ ಮನೆಯಲ್ಲಿ ಕೂತ ಹಾಗೆ ಕೂತಿದ್ದರು.

ಸಕಲೇಶಪುರದ ಮೆಕ್ಯಾನಿಕ್ ಮಂಗಳೂರು ಕಡೆಯಿಂದ ಬಂದು ನೆಲೆಸಿದ ಕ್ರಿಶ್ಚಿಯನ್ನರು. ಬಾಯಿ ಜೋರು, ಕೈ ಚೊಕ್ಕ. ಎಂಜಿನ್ ಬಿಚ್ಚಿ ರಿಪೇರಿ ಮಾಡಿ ಕೊಡುವಾಗ ಹೇಳಿದರು:

"ರೈಟರೇ, ಇದು ಮುದುಕ ಎಂಜಿನ್. ಎಣ್ಣೆ ಕುಡೀತದೆ. ವಾರಕ್ಕೊಮ್ಮೆ ಕಡ್ಡಿ ತೆಗೆದು ನೋಡದೆ ಚಾವಿ ತಿರುಗಿಸ್ಬೇಡಿ ಮಾರಾಯ್ರೇ. ಇನ್ನೊಂದು ಸಲ ಹೀಗಾದ್ರೆ ಇದ್ರಲ್ಲಿ ಕೋಳಿ ಸಾಕ್ಬೇಕಷ್ಟೆ."

ಆ ಮಾತು ಇವರ ಮನಸ್ಸಿನಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ಅವತ್ತಿನಿಂದ ಕಡ್ಡಿಯಲ್ಲಿ ಎಣ್ಣೆ ಕಣ್ಣಾರೆ ಕಾಣುವವರೆಗೆ ಗಾಡಿ ತೆಗೆಯುತ್ತಿರಲಿಲ್ಲ.

ಅದೇ ವರ್ಷ ನನ್ನ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅವಳದು ಹೊಂಗಡಹಳ್ಳ ದಾಟಿ ಬಿಸಿಲೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ನಮ್ಮ ಅವ್ವ ಬೇಗ ತೀರಿಕೊಂಡಿದ್ದಳು. ನನಗೆ ತಲೆ ಬಾಚಿದ್ದು, ಹೇನು ಹೆಕ್ಕಿದ್ದು, ಅಲ್ಲಾಡಿದರೆ ಬೆನ್ನಿಗೆ ಗುದ್ದಿದ್ದು ಎಲ್ಲ ಈ ಅಕ್ಕನೇ. ಹಾಸಿಗೆ ಹಿಡಿದ ಮೇಲೆ ಮೈ ಒರೆಸುವುದಕ್ಕೆ ಸೊಸೆಗೆ ಬಿಟ್ಟಳು. ತಲೆಗೆ ಮಾತ್ರ ಬಿಡಲಿಲ್ಲ.

"ಅವ್ಳು ನೀರು ಹಾಕೋದು ತುಳಸಿ ಗಿಡಕ್ಕೆ ಹಾಕ್ದಂಗೆ. ನಿನ್ ಕೈ ಒರಟು ಕಣೇ, ಉಜ್ಜಿದ್ದು ಗೊತ್ತಾಯ್ತದೆ" ಅನ್ನುವಳು.

ನಾವು ಲಿಂಗ ಕಟ್ಟಿದ ಜನ. ಸೋಮವಾರ ತಲೆಗೆ ಸ್ನಾನ ಆಗದೆ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲು ಅವಳಿಗೆ ಮನಸ್ಸು ಒಪ್ಪದು. ಬೇರೆ ದಿನ ತಲೆಗೆ ನೀರು ಹಾಕಿಸಿಕೊಳ್ಳುವುದಕ್ಕೂ ಒಪ್ಪದು. ಹಾಗಾಗಿ ಪ್ರತಿ ಸೋಮವಾರ ನಾನು ಹೋಗಿ ಸೀಗೆಪುಡಿ ಹಾಕಿ ತಲೆ ತೊಳೆದು, ತುರುಬು ಕಟ್ಟಿ ಬರುವುದು ಅಂತ ಆಯಿತು. ಬಸ್ಸಿನಲ್ಲಿ ಹೋದರೆ ಇಳಿದ ಮೇಲೆ ಎರಡು ಮೈಲಿ ಏರು ಹತ್ತಬೇಕು, ನನ್ನ ಮಂಡಿಗೆ ಅದು ಆಗದ ಮಾತು. ಕಾರು ಹೊರಟರೆ ನಾನು ಹೊರಟೆ. ಕಾರು ನಿಂತರೆ ಅಕ್ಕನ ತಲೆಗೆ ನೀರಿಲ್ಲ.

ಇನ್ನು ಕಡ್ಡಿ ನೋಡುವ ಪಾಡು ಹೇಳುತ್ತೇನೆ. ನಮ್ಮ ಮನೆ ಇರುವುದು ಗುಡ್ಡದ ಓರೆಯಲ್ಲಿ. ಅಂಗಳದಲ್ಲಿ ನಿಂಬೆಹಣ್ಣು ಬಿಟ್ಟರೆ ರಸ್ತೆಯವರೆಗೂ ಉರುಳಿಕೊಂಡು ಹೋಗುತ್ತದೆ. ಕಾರಿನ ಬ್ಯಾಟರಿ ಸತ್ತಂತೆಯೇ ಇದ್ದದ್ದರಿಂದ ಮೂತಿಯನ್ನು ಇಳಿಜಾರಿನ ಕಡೆ ಮಾಡಿ ನಿಲ್ಲಿಸುತ್ತಿದ್ದೆವು. ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದರೆ ತಾನೇ ಉರುಳಿ ಸ್ಟಾರ್ಟ್ ಆಗುತ್ತಿತ್ತು. ನಮ್ಮ ಕಡೆ ಹಳೆ ಗಾಡಿ ಇಟ್ಟವರೆಲ್ಲ ಮಾಡುವುದು ಹೀಗೆಯೇ. ಗಾಡಿ ಓರೆಯಾಗಿ ನಿಂತರೆ ಒಳಗಿನ ಎಣ್ಣೆಯೂ ಒಂದು ಕಡೆಗೆ ಸರಿದಿರುತ್ತದೆ ಅನ್ನುವುದು ಇವರಿಗೆ ಹೊಳೆದಿರಲಿಲ್ಲ.

ಎರಡನೆಯದು ಕಣ್ಣು. ದೂರದ್ದು ಇವರಿಗೆ ಹದ್ದಿಗೆ ಕಂಡ ಹಾಗೆ ಕಾಣುತ್ತಿತ್ತು. ತಿರುವಿನಲ್ಲಿ ಬರುತ್ತಿರುವ ಬಸ್ಸಿನ ಬೋರ್ಡನ್ನು ನಮ್ಮ ಜಗಲಿಯಿಂದಲೇ ಓದುವರು. ಹತ್ತಿರದ್ದು ಕಾಣುತ್ತಿರಲಿಲ್ಲ. ಪೇಪರನ್ನು ಮೊದಲು ಎದೆಯ ಹತ್ತಿರ, ಆಮೇಲೆ ಮಂಡಿಯ ಮೇಲೆ, ಕೊನೆಗೆ ಕೈ ಪೂರ್ತಿ ಚಾಚಿ ಹಿಡಿಯುವರು. ಕನ್ನಡಕದ ಮಾತು ಎತ್ತಿದರೆ ಸಿಟ್ಟು.

"ನಂಗೇನ್ ಕಣ್ಣು ಹೋಗೈತಾ? ಇವಾಗ್ಲೂ ಐವತ್ತು ಆಳಿನ ಹಾಜರಿ ಬರೀತೀನಿ, ತತ್ತಾ."

"ಹಾಜರಿ ಯಾರೂ ಕೇಳ್ತಿಲ್ಲ ಕಣ್ರೀ. ಆ ಕಡ್ಡಿಲಿ ಎಣ್ಣೆ ಎಲ್ಲಿಗೈತೆ, ಅದು ಹೇಳಿ ಸಾಕು."

ಆ ಕಡ್ಡಿಯ ತುದಿಯಲ್ಲಿ ಎರಡು ಗೆರೆ ಕೊರೆದಿರುತ್ತಾರೆ. ಎಣ್ಣೆ ಎರಡರ ನಡುವೆ ಇರಬೇಕು. ಇವರು ಕಡ್ಡಿ ಎಳೆಯುವರು, ಪಂಚೆಯ ಚುಂಗಿಗೆ ಒರೆಸುವರು, ಮತ್ತೆ ಒಳಗೆ ಬಿಟ್ಟು ಎಳೆಯುವರು. ಸೂರ್ಯನಿಗೆ ಹಿಡಿದರೆ "ಬಿಸ್ಲು ಕಣ್ಣಿಗೆ ಹೊಡೀತದೆ" ಅನ್ನುವರು, ನೆರಳಿಗೆ ಬಂದರೆ "ಮಬ್ಬು" ಅನ್ನುವರು. ಅವರ ಪಂಚೆಯ ಕರೆ ತೆಗೆಯುವುದರಲ್ಲಿ ನನ್ನ ಸೋಪು ಕರಗಿ ಹೋಗುತ್ತಿತ್ತು.

ಕಾಫಿ ಹಣ್ಣು ಕುಯ್ಯುವ ಕಾಲ ಬಂತು. ಒಂದು ಸೋಮವಾರ ಬೆಳಿಗ್ಗೆ ಸೀಗೆಪುಡಿಯ ಡಬ್ಬಿ ಹಿಡಿದು ನಾನು ತಯಾರಾಗಿ ಕೂತಿದ್ದೆ. ಇವರು ಬಾನೆಟ್ ಎತ್ತಿ ನೋಡಿ, "ಎಣ್ಣೆ ಕಮ್ಮಿ ಐತೆ" ಅಂದರು. ಮನೆಯಲ್ಲಿದ್ದ ಡಬ್ಬಿಯಿಂದ ಒಂದಷ್ಟು ಹೊಯ್ದರು. ಮತ್ತೆ ನೋಡಿದರು. "ಇನ್ನೂ ಏರಿಲ್ಲ." ಮತ್ತಷ್ಟು ಹೊಯ್ದರು. ಹೀಗೇ ಡಬ್ಬಿ ಖಾಲಿಯಾಯಿತು. ಕಲ್ಲು ತೆಗೆದು ಗಾಡಿ ಉರುಳಿಸಿ ಸ್ಟಾರ್ಟ್ ಮಾಡಿದರೆ, ಹಿಂದಿನಿಂದ ಬೂದು ಬಣ್ಣದ ಹೊಗೆ ಎದ್ದು ರಸ್ತೆಯೇ ಮುಚ್ಚಿಹೋಯಿತು. ಪಕ್ಕದ ಆಳುಗಳ ಲೈನ್ ಮನೆಯ ಹೆಂಗಸೊಬ್ಬಳು ಕೊಡ ಹಿಡಿದುಕೊಂಡು ಓಡಿ ಬಂದಳು, ಬೆಂಕಿ ಬಿದ್ದಿದೆ ಅಂತ.

ಗಾಡಿ ಬಿಸಿಲೆಯ ದಾರಿ ಹಿಡಿಯುವುದು ಬಿಟ್ಟು ಮೆಕ್ಯಾನಿಕ್ ಹತ್ತಿರ ಹೋಯಿತು.

"ಎಷ್ಟು ಹಾಕಿದ್ದೀರಿ ರೈಟರೇ? ಇದೇನು ದೋಸೆ ಕಾವಲಿಯಾ? ಎಲ್ಲಿ ನಿಲ್ಲಿಸಿ ನೋಡಿದ್ದು?"

"ಮನೆ ಮುಂದೆ."

"ನಿಮ್ಮ ಮನೆ ಮುಂದೆ ಜಾರುಬಂಡೆ ಅಲ್ವಾ ಮಾರಾಯ್ರೇ! ಸಮ ಇರೋ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡ್ಬೇಕು. ಓರೆಯಲ್ಲಿ ನೋಡಿದ್ರೆ ಕಡ್ಡಿ ಸುಳ್ಳೇ ಹೇಳೋದು."

ಅವರು ಎಣ್ಣೆ ಪೂರ್ತಿ ಇಳಿಸಿ ಹೊಸದು ಹಾಕಿ ಕೊಟ್ಟಾಗ ಗುರುವಾರ. ಅಷ್ಟರಲ್ಲಿ ಒಂದು ಸೋಮವಾರ ಹೋಯಿತು. ಬಾಡಿಗೆ ಜೀಪು ಹಿಡಿಯೋಣ ಅಂದರೆ ಹಣ್ಣಿನ ಕಾಲದಲ್ಲಿ ಜೀಪುಗಳೆಲ್ಲ ಆಳು ಸಾಗಿಸುವುದಕ್ಕೆ ಹೋಗಿರುತ್ತವೆ.

ಸಮ ಇರುವ ಜಾಗ ನಮ್ಮ ಗುಡ್ಡದಲ್ಲಿ ಒಂದೇ ಒಂದಿತ್ತು: ಮನೆಯ ಪಕ್ಕ, ಅಂಗಳಕ್ಕಿಂತ ಕೊಂಚ ಕೆಳಗಿರುವ ನನ್ನ ಕಣ. ನಮ್ಮ ಚೂರು ತೋಟದ ಕಾಫಿ ಒಣಗಿಸಲು ಮಾಡಿಸಿದ್ದು. ಅಂಗಳ ಇವರದ್ದಾದರೆ ಕಣ ನನ್ನದು. ಕಣಕ್ಕೆ ಚಪ್ಪಲಿ ಹಾಕಿ ಕಾಲಿಡುವ ಹಾಗಿಲ್ಲ. ಇದು ನಾನು ಮಾಡಿದ ಕಾನೂನಲ್ಲ, ನಮ್ಮ ಕಡೆ ಯಾರ ಕಣವಾದರೂ ಹಾಗೆಯೇ. ಬೆಳೆ ಹರಡಿದ ನೆಲ ಅಡುಗೆ ಮನೆಗೆ ಸಮ. ಮುಂದಿನ ಸೋಮವಾರ ಬೆಳಿಗ್ಗೆ ಇವರು ಬಂದು ಕಣದ ಅಂಚಿನಲ್ಲಿ ನಿಂತರು.

"ಒಂದ್ ಐದ್ ನಿಮಿಷ ಗಾಡಿ ಹತ್ತಿಸ್ತೀನಿ, ಕಾಫಿ ಆ ಕಡಿಕೆ ಎಳ್ದುಬುಡು."

"ಎಣ್ಣೆ ಸೋರೋ ಗಾಡಿ ನನ್ ಕಣಕ್ಕಾ? ಆಗಕಿಲ್ಲ."

"ಗಾಡಿ ಅಡಿಗೆ ಗೋಣಿ ಹಾಸ್ತೀನಿ ಕಣೇ."

"ಗೋಣಿ ಮೇಲೆ ನೀವು ಮಲೀಕಳಿ. ಚಕ್ರಕ್ಕೆ ಏನೇನು ಮೆತ್ಗೊಂಡೈತೋ. ಹೋಗಿ, ರಸ್ತೇಲಿ ಎಲ್ಲಾದ್ರೂ ಸಮ ನೋಡ್ಕಳಿ."

"ರಸ್ತೇಲಿ ಸಮ ಸಿಗೋತನ್ಕ ಹೋಗ್ಬೇಕಾದ್ರೆ ಗಾಡಿ ಸ್ಟಾರ್ಟ್ ಮಾಡ್ಬೇಕು. ಎಣ್ಣೆ ನೋಡ್ದೆ ಸ್ಟಾರ್ಟ್ ಮಾಡಕಿಲ್ಲ ನಾನು."

ಅವರು ಜಗಲಿಯಲ್ಲಿ ಕೂತರು, ನಾನು ಹಲಗೆಯಲ್ಲಿ ಕಾಫಿ ಎಳೆದು ಹರಡುತ್ತಾ ಇದ್ದೆ. ಹನ್ನೊಂದು ಗಂಟೆಯಾಯಿತು, ಹನ್ನೆರಡಾಯಿತು. ಇಬ್ಬರೂ ಬಗ್ಗಲಿಲ್ಲ. ಎರಡನೆಯ ಸೋಮವಾರವೂ ಹೋಯಿತು. ಮೊದಲನೆಯದು ಅವರ ತಪ್ಪು. ಇದು ನನ್ನದು. ಒಡಹುಟ್ಟಿದವಳ ತಲೆಗಿಂತ ನಾಲ್ಕು ಮೂಟೆ ಕಾಫಿ ಚೆರ್ರಿ ನನಗೆ ಹೆಚ್ಚಾಗಿತ್ತು ಅವತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಶನಿವಾರ ಅಕ್ಕನ ಸೊಸೆ ಫೋನ್ ಮಾಡಿದಳು.

"ಚಿಕ್ಕಮ್ಮ, ಈ ಸೋಮವಾರ ಬರ್ತೀರೋ ಇಲ್ವೋ? ಅತ್ತೆ ತಲೆ ಕೆರ್ಕೊಂಡು ಕೆರ್ಕೊಂಡು ಗಾಯ ಮಾಡ್ಕೊಂಡವ್ರೆ. ಮುಟ್ಟಾಕೆ ಹೋದ್ರೆ ಕೈಗೆ ಹೊಡೀತಾರೆ. ಕತ್ತರಿ ತರ್ಸಿ ದಿಂಬಿನ ಕೆಳಗೆ ಇಟ್ಕೊಂಡವ್ರೆ. ಸೋಮವಾರ ಸಂಜೆವರ್ಗೂ ನೋಡ್ತೀನಿ, ಅವ್ಳು ಬರ್ಲಿಲ್ಲ ಅಂದ್ರೆ ಬುಡಕ್ಕೇ ಕತ್ತರಿಸ್ಬುಡ್ತೀನಿ ಅಂತಾವ್ರೆ."

"ಬೆದರ್ಸ್ತಾಳೆ ಬಿಡು."

"ಇಲ್ಲ ಚಿಕ್ಕಮ್ಮ. ಒಂದ್ ಹಿಡಿ ಆಗ್ಲೇ ಕತ್ತರ್ಸವ್ರೆ."

ಫೋನ್ ಇಟ್ಟೆ. ಅಕ್ಕನ ಕೂದಲು ಎಂಥದ್ದು ಅಂತ ನೋಡದವರಿಗೆ ಹೇಳಿ ಪ್ರಯೋಜನವಿಲ್ಲ. ಅರವತ್ತೈದು ದಾಟಿದ ಮೇಲೂ ಬಿಚ್ಚಿದರೆ ಸೊಂಟಕ್ಕೆ ಬರುತ್ತಿತ್ತು. ನಡೆಯುವುದು ಹೋಯಿತು, ಎದ್ದು ಕೂರುವುದು ಹೋಯಿತು. ಅವಳದು ಅಂತ ಉಳಿದಿದ್ದದ್ದು ಅದೊಂದೇ.

ಸೋಮವಾರ ಕೋಳಿ ಕೂಗುವ ಹೊತ್ತಿಗೇ ಎದ್ದು ಹಲಗೆ ಹಿಡಿದು ಕಾಫಿಯನ್ನೆಲ್ಲ ಕಣದ ಒಂದು ಮೂಲೆಗೆ ಎಳೆದೆ. ಉಳಿದ ಜಾಗ ಗುಡಿಸಿದೆ. ಸ್ನಾನ ಮಾಡಿ ಪೂಜೆ ಮುಗಿಸಿ ಬಂದು, "ತಗೊಂಬನ್ನಿ ನಿಮ್ ರಥಾನ" ಅಂದೆ. ಇವರು ನನ್ನ ಮುಖ ನೋಡಿದರು. ಕಲ್ಲು ತೆಗೆದು ಗಾಡಿಯನ್ನು ಸ್ಟಾರ್ಟ್ ಮಾಡದೆ, ಹಾಗೇ ಉರುಳಿಸಿ ತಿರುಗಿಸಿ ಕಣದ ಮೇಲೆ ತಂದು ನಿಲ್ಲಿಸಿದರು. ತಾವು ಚಪ್ಪಲಿ ಕಾರಿನೊಳಗೇ ಬಿಟ್ಟು ಇಳಿದರು. ಚಕ್ರಕ್ಕೆ ಚಪ್ಪಲಿ ಬಿಡಿಸುವುದಕ್ಕೆ ಆಗುವುದಿಲ್ಲವಲ್ಲ.

ಕಣ ನಿಜವಾಗಿ ಸಮ ಇದೆಯಾ ಅಂತ ನನಗೇ ಅನುಮಾನ ಬಂತು. ಒಂದು ಚೊಂಬು ನೀರು ತಂದು ಗಾಡಿಯ ಪಕ್ಕ ಸುರಿದೆ. ನೀರು ಯಾವ ಕಡೆಗೂ ಓಡದೆ, ಯೋಚನೆ ಮಾಡುವವರ ಹಾಗೆ ಅಲ್ಲೇ ಹರಡಿಕೊಂಡಿತು. ಸರಿ ಅಂದೆ. ಬಾನೆಟ್ ಎತ್ತಿದರು. ಕಡ್ಡಿ ಎಳೆದರು, ಒರೆಸಿದರು, ಬಿಟ್ಟರು, ಎಳೆದರು. ಕೈ ಚಾಚಿದರು, ಮಡಿಸಿದರು, ತಲೆ ಹಿಂದಕ್ಕೆ ಎಳೆದುಕೊಂಡರು. ಹಿಂಗೂ ಇಲ್ಲ ಹಂಗೂ ಇಲ್ಲ. ಮತ್ತೆ ಒರೆಸಿದರು. ನಾಲ್ಕನೆಯ ಸಲ ಎಳೆದರು. ಅವತ್ತು ನನಗೆ ಕೆಣಕುವ ಮನಸ್ಸಾಗಲಿಲ್ಲ.

"ಕಾಣಲ್ಲ ಕಣೇ" ಅಂದರು. "ಗೆರೇನೂ ಕಾಣಲ್ಲ, ಎಣ್ಣೇನೂ ಕಾಣಲ್ಲ. ಬಾಳ ದಿನ ಆತು."

ಮದುವೆಯಾಗಿ ನಲವತ್ತು ವರ್ಷದಲ್ಲಿ ಆ ಮನುಷ್ಯ ತನಗೆ ಒಂದು ಕೆಲಸ ಆಗುವುದಿಲ್ಲ ಅಂತ ನನ್ನೆದುರು ಒಪ್ಪಿಕೊಂಡದ್ದು ಅದೇ ಮೊದಲು. "ಇತ್ಲಾಗೆ ಕೊಡಿ" ಅಂತ ಕಡ್ಡಿ ಕಿತ್ತುಕೊಂಡೆ.

ನೋಡಿದರೆ ನನಗೂ ಕಾಣುತ್ತಿಲ್ಲ! ಹಳೆಯ ಎಣ್ಣೆಯಾದರೆ ಕಾಡಿಗೆಯ ಹಾಗೆ ಕಪ್ಪಗೆ ಕಾಣುತ್ತದೆ. ಇದು ಮೆಕ್ಯಾನಿಕ್ ಹಾಕಿದ ಹೊಸ ಎಣ್ಣೆ, ಹೊಳೆಯುವ ಉಕ್ಕಿನ ಮೇಲೆ ನೀರಿನ ಹಾಗೆ ತಿಳಿಯಾಗಿತ್ತು. ಎಲ್ಲಿಗೆ ಒದ್ದೆ, ಎಲ್ಲಿಂದ ಒಣ, ಏನೂ ತಿಳಿಯದು.

"ನಂಗೂ ಕಾಣಕಿಲ್ಲ ಕಣ್ರೀ."

"ಮತ್ತೆ ಇಷ್ಟ್ ದಿನ ನಂಗೆ ಬೈತಿದ್ದೆ?"

"ಬಾಯಿ ಐತೆ, ಬೈದೆ."

ಅವರು ನಕ್ಕುಬಿಟ್ಟರು. ನಾನು ಕಡ್ಡಿಯನ್ನು ತಿರುಗಿಸಿ ಹಿಡಿಯಲು ಹೋದಾಗ ತುದಿ ನನ್ನ ಬೆರಳಿಗೆ ತಾಗಿತು. ಆಗ ತಾನೆ ಪೂಜೆ ಮಾಡಿ ಬಂದಿದ್ದೆನಲ್ಲ, ಬೆರಳಿನಲ್ಲಿ ವಿಭೂತಿ ಇನ್ನೂ ಇತ್ತು. ಬೆರಳು ತಾಗಿದ ಕಡೆ ಎಣ್ಣೆಗೆ ವಿಭೂತಿ ಕಚ್ಚಿಕೊಂಡು ಬೆಳ್ಳಗೆ ಒಂದು ಮಚ್ಚೆ ಕೂತಿತು. ಒಣಗಿದ ಕಡೆ ಬಿದ್ದ ಪುಡಿ ಉದುರಿ ಹೋಯಿತು.

ಒಳಗೆ ಓಡಿ ವಿಭೂತಿ ಗಟ್ಟಿ ತಂದೆ. ಉಗುರಿನಲ್ಲಿ ಕೆರೆದು ಕಡ್ಡಿಯ ಮೇಲೆ ಉದುರಿಸಿ, ಬಾಗಿಸಿ ತಟ್ಟಿದೆ. ಎಣ್ಣೆ ಇದ್ದಷ್ಟು ಉದ್ದ ಬೆಳ್ಳಗಾಯಿತು, ಅದರ ಮೇಲೆ ಬರೀ ಉಕ್ಕು. ಕೈ ಚಾಚಿ ಹಿಡಿದರೂ ಕಾಣುವಷ್ಟು ಸ್ಪಷ್ಟ.

"ಗೆರೆ ಎಲ್ಲೈತೆ ನೋಡಿ ಈಗ."

"ಅದು ನೋಡೋದೇನ್ ಬಂತು" ಅಂತ ಇವರು ಹೆಬ್ಬೆರಳಿನ ಉಗುರನ್ನು ಕಡ್ಡಿಯ ಮೇಲೆ ಮೆಲ್ಲಗೆ ಎಳೆದರು. ಕೊರೆದ ಗೆರೆಗೆ ಉಗುರು ಸಿಕ್ಕಿ ನಿಂತಿತು. ಕೆಳಗಿನದೊಂದು, ಮೇಲಿನದೊಂದು. ಬಿಳಿಯ ಅಂಚು ಎರಡರ ನಡುವೆ, ಮೇಲಿನ ಗೆರೆಗೆ ಒಂದು ಜೀರಿಗೆ ಕಾಳಿನಷ್ಟು ಕೆಳಗೆ ಇತ್ತು.

"ಐತೆ ಕಣೇ! ಬೇಕಾದಷ್ಟೈತೆ!"

ಆ ಖುಷಿಯಲ್ಲಿ ಕಡ್ಡಿಯನ್ನು ವಿಭೂತಿ ಸಮೇತ ಒಳಗೆ ತುರುಕಲು ಹೊರಟರು. ನಾನು ಮಣಿಕಟ್ಟು ಹಿಡಿದು ಎಳೆದೆ.

"ಎಂಜಿನ್ನಿಗೂ ದೀಕ್ಷೆ ಕೊಡ್ತೀರಾ? ಒರ್ಸಿ ಮೊದ್ಲು!"

ಹಳೆಯ ಬಟ್ಟೆಯಲ್ಲಿ ಮೂರು ಸಲ ಒರೆಸಿ, ನಾನು ಬೆರಳಾಡಿಸಿ ನೋಡಿದ ಮೇಲೆಯೇ ಒಳಗೆ ಬಿಡಲು ಕೊಟ್ಟೆ. ಆಮೇಲೆ ವರ್ಷಗಟ್ಟಲೆ ಹೀಗೇ ನಡೆಯಿತು. ಅವರ ಉಗುರು, ನನ್ನ ವಿಭೂತಿ. ಕನ್ನಡಕ ಮಾಡಿಸಿದ ಮೇಲೂ ಇವರು ಬಿಡಲಿಲ್ಲ. ಮೆಕ್ಯಾನಿಕ್‌ಗೆ ಗೊತ್ತಾದಾಗ ಮೊದಲು ತಲೆ ಚಚ್ಚಿಕೊಂಡರು, "ಒಂದು ಚೂರು ಒಳಗೆ ಹೋದ್ರೂ ಎಂಜಿನ್ ತಿಂದುಬಿಡ್ತದೆ, ಒರೆಸಿ ಅಮ್ಮಾ ಒರೆಸಿ" ಅಂದರು. ಆಮೇಲೆ ನಗುತ್ತಾ, "ನಮಗೆ ವಿಭೂತಿ ಬುಧವಾರ ಅಂತ ವರ್ಷಕ್ಕೆ ಒಂದೇ ದಿನ ಬೂದಿ ಹಚ್ಚೋದು. ನಿಮ್ಮ ಕಾರಿಗೆ ವಾರ ವಾರ. ನಿಮ್ಮ ಕಾರೇ ನಮಗಿಂತ ಪುಣ್ಯ ಮಾಡಿದೆ" ಅಂದರು.

ಅವತ್ತಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗಾಡಿ ಸಮ ಜಾಗದಲ್ಲಿ ನಿಂತಿತ್ತು, ಬ್ಯಾಟರಿ ಎಂದಿನಂತೆ ಸತ್ತಿತ್ತು. ಚಾವಿ ತಿರುಗಿಸಿದರೆ ಕೆಮ್ಮಿತು, ಅಷ್ಟೇ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ನೂಕಿದೆ. ಕಣದ ಅಂಚಿನ ತನಕ ಹೋಗಬೇಕಾದರೆ ಮೂಲೆಯ ಕಾಫಿಯ ಮೇಲೆ ಒಂದು ಚಕ್ರ ಹಾಯಲೇಬೇಕಿತ್ತು. ಹಾಯಿತು. ಚಟಚಟ ಅಂತ ಚೆರ್ರಿ ಒಡೆಯುವುದು ಕೇಳಿಸಿತು. ಇವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕಾಫಿ ಕಣೇ, ಕಾಫಿ!" ಅಂದರು.

"ಕಾಫಿ ಹಾಳಾಗೋಗ್ಲಿ, ಸ್ಟೇರಿಂಗ್ ನೋಡಿ!"

ಇಳಿಜಾರು ಸಿಕ್ಕಿ ಗಾಡಿ ಸ್ಟಾರ್ಟ್ ಆಯಿತು, ನಾನು ಹಿಂದೆ ಓಡಿ ಹತ್ತಿಕೊಂಡೆ. ಹೊಂಗಡಹಳ್ಳದವರೆಗೂ ನನಗೆ ಏದುಸಿರು ನಿಲ್ಲಲಿಲ್ಲ, ಅವರಿಗೆ ಹಿಂದೆ ಹೊಗೆ ಬರುತ್ತಿದೆಯಾ ಅಂತ ಕನ್ನಡಿ ನೋಡುವುದೇ ಕೆಲಸವಾಗಿತ್ತು.

ನಾವು ಮುಟ್ಟಿದಾಗ ಮಧ್ಯಾಹ್ನದ ಬಿಸಿಲು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕಿವಿಯ ಹಿಂದೆ ಒಂದು ಹಿಡಿಯಷ್ಟು ಕೂದಲು ಇರಲಿಲ್ಲ, ಅಡ್ಡಾದಿಡ್ಡಿ ಕತ್ತರಿಸಿದ್ದಳು. ಉಳಿದದ್ದು ಗಂಟುಗಂಟಾಗಿ ಹಗ್ಗದ ಹಾಗಿತ್ತು.

"ಯಾರು?" ಅಂದಳು, ಗೊತ್ತಿದ್ದೂ.

"ನಾನು ಕಣಕ್ಕ."

"ಎರಡ್ ಸೋಮವಾರ ಎಲ್ಲಿ ಸತ್ತಿದ್ದೆ?"

"ಒಂದು ಕಾರಿನ ದೆಸೆಯಿಂದ. ಇನ್ನೊಂದು ನನ್ ಕೊಬ್ಬು."

ಅವಳು ತಿರುಗಿ ನೋಡಿದಳು. ನನ್ನಿಂದ ಇಂಥ ಮಾತು ಅವಳು ನಿರೀಕ್ಷಿಸಿರಲಿಲ್ಲ. ನಾನು ತಲೆ ಮುಟ್ಟಲು ಕೈ ಚಾಚಿದೆ. ಮೂಗು ಸೊಟ್ಟಗೆ ಮಾಡಿ ಕೈ ತಳ್ಳಿದಳು.

"ಥೂ, ಲಾರಿ ವಾಸ್ನೆ. ತೊಳ್ಕೊಂಬಾ ಹೋಗು."

ಬೂದಿ ಹಾಕಿ ಉಜ್ಜಿ ಕೈ ತೊಳೆದೆ. ನಾನೂ ಸೊಸೆಯೂ ಸೇರಿ ಅವಳನ್ನು ಮಂಚದ ಅಂಚಿಗೆ ಎಳೆದು, ತಲೆಯ ಕೆಳಗೆ ಬೋಗುಣಿ ಇಟ್ಟೆವು. ನಾಲ್ಕು ಬೋಗುಣಿ ನೀರು ಚೆಲ್ಲಿದ ಮೇಲೆ ತಿಳಿ ನೀರು ಬಂತು. ಗಾಯದ ಮೇಲೆ ಸೀಗೆ ಉರಿಯಿತೇನೋ, ಅವಳು ಹಲ್ಲು ಕಚ್ಚಿದಳೇ ಹೊರತು ನಿಲ್ಲಿಸು ಅನ್ನಲಿಲ್ಲ. "ಇನ್ನೂ ಗಟ್ಟಿ ಉಜ್ಜೇ" ಅಂದಳು. ಲಿಂಗ ಪೂಜೆ ಮಾಡಿಕೊಂಡಳು, ಎರಡು ತುತ್ತು ಉಂಡಳು. ಆಮೇಲೆ ನಾನು ಗಂಟು ಬಿಡಿಸಲು ಕೂತೆ. ಬಾಚಣಿಗೆ ಇಳಿಯಲಿಲ್ಲ, ಎಳೆಎಳೆಯಾಗಿ ಬೆರಳಿನಲ್ಲೇ ಬಿಡಿಸಬೇಕಾಯಿತು. ಕತ್ತರಿಸಿದ ಜಾಗ ಕಾಣದ ಹಾಗೆ ಪಕ್ಕದ ಕೂದಲನ್ನು ಅದರ ಮೇಲೆ ತಂದೆ. ಅರ್ಧ ಆಗುವ ಹೊತ್ತಿಗೆ ಅವಳ ತಲೆ ನನ್ನ ತೊಡೆಯ ಮೇಲೆ ಭಾರವಾಯಿತು. ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.

ಹೊರಗೆ ಇವರು ಹಾರ್ನ್ ಹೊಡೆದರು. ಬಿಸಿಲಿರುವಾಗಲೇ ಊರು ಸೇರಬೇಕು ಅವರಿಗೆ. ಮತ್ತೊಂದು ಸಲ ಹೊಡೆದರು. ಸೊಸೆ ಬಾಗಿಲಲ್ಲಿ ನಿಂತು, "ಚಿಕ್ಕಮ್ಮ, ಕರೀತಾವ್ರೆ" ಅಂದಳು.

"ಹೊಡ್ಕಳ್ಳಿ ಬಿಡು" ಅಂದು ಉಳಿದರ್ಧ ಬಿಡಿಸತೊಡಗಿದೆ.